ಹೇಳಿದ್ದು ಯಾರು

ಅವರ ಎಡಗೈ ತೋರುಬೆರಳಿನ ಉಗುರು ಕಪ್ಪಾಗಿತ್ತು. ನಡುವೆ ಕಪ್ಪು, ಬುಡದಲ್ಲಿ ನೇರಳೆ, ತುದಿ ಚಪ್ಪಟೆಯಾಗಿ ಬೆರಳಿನಿಂದ ಸ್ವಲ್ಪ ಮೇಲೆದ್ದಂತೆ. ಫಿಟ್ಟರ್ರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಈ ಉಗುರು. ನಾನು ಕಲ್ಲುಕೋರೆಗೆ ಡ್ರೈವರ್ ಆಗಿ ಸೇರಿದ ಮೊದಲ ದಿನ ಅವರು ಟಿಪ್ಪರಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ಚಕ್ರದ ನಟ್ಟಿನ ಒಂದು ಬದಿಗೆ ಆ ಬೆರಳು, ಇನ್ನೊಂದು ಬದಿಗೆ ಸಣ್ಣ ಸುತ್ತಿಗೆಯ ಏಟು. ಕಣ್ಣಿಗೆ ಕಟ್ಟಿದಂತಿರುವ ಚಿತ್ರ.

ಆ ಚಿತ್ರ ಸುಳ್ಳು. ಮೊದಲ ದಿನ ಆ ಉಗುರು ಕಪ್ಪಾಗಿರಲು ಸಾಧ್ಯವಿಲ್ಲ. ಆಗ ಅವರು ನಟ್ಟಿನ ಮೇಲೆ ಬೆರಳಿಡುತ್ತಿರಲಿಲ್ಲ, ಬರೀ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಬೆರಳು ಬಂದದ್ದು ಹತ್ತು ವರ್ಷದ ಮೇಲೆ. ಕೊನೆಯ ವರ್ಷದ ಉಗುರನ್ನು ನನ್ನ ನೆನಪು ಎತ್ತಿಕೊಂಡು ಹೋಗಿ ಮೊದಲ ದಿನದ ಬೆರಳಿಗೆ ಅಂಟಿಸಿದೆ. ಇಂಥ ಅಂಟಿಸುವ ಕೆಲಸ ಇನ್ನೆಲ್ಲೆಲ್ಲಿ ನಡೆದಿದೆಯೋ ಗೊತ್ತಿಲ್ಲ. ಗೊತ್ತಾದ ಕಡೆಯಲ್ಲಿ ಹೇಳುತ್ತ ಹೋಗುತ್ತೇನೆ.

ಬೈಂದೂರಿನಿಂದ ಒಳಗೆ, ಗುಡ್ಡದ ಮೇಲೆ ನಮ್ಮ ಶಿಲೆಕಲ್ಲಿನ ಕೋರೆ. ಬುಡದಲ್ಲಿ ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರ್. ಮೇಲಿನಿಂದ ಕಲ್ಲು ತುಂಬಿಕೊಂಡು ಸುತ್ತುಬಳಸಿನ ಮಣ್ಣುದಾರಿಯಲ್ಲಿ ಇಳಿದು, ಕ್ರಷರಿನ ಬಾಯಿಗೆ ಟಿಪ್ಪರನ್ನು ಹಿಂದಕ್ಕೆ ತಂದು ಸುರಿಯಬೇಕು. ತುಂಬಿದ ಗಾಡಿ ಇಳಿಯುವುದು, ಖಾಲಿ ಗಾಡಿ ಹತ್ತುವುದು. ಅಂದರೆ ಎಲ್ಲವೂ ಬ್ರೇಕಿನ ಮೇಲೆ ನಿಂತಿದೆ. ಕೊಂಕಣ ರೈಲು ಓಡಲು ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಮೇಲಿನ ತಿರುವಿನಲ್ಲಿ ನಿಂತರೆ ಗಿಡಗಳ ಆಚೆ ರೈಲು ಹೋಗುವ ಸದ್ದು ಕೇಳುತ್ತಿತ್ತು. ಫಿಟ್ಟರ್ರು ಅದನ್ನು ಕೇಳಿಸಿಕೊಂಡು, ಮುಂಬೈ ಕಡೆಗೆ ಹೋಯಿತೋ ಮಂಗಳೂರು ಕಡೆಗೋ ಎಂದು ಹೇಳುತ್ತಿದ್ದರು. ಆಗ ಅಷ್ಟು ಕಿವಿ ಇತ್ತು.

ಅವರು ಘಟ್ಟದ ಮೇಲಿನ ದೊಡ್ಡದೊಂದು ಅದಿರು ಗಣಿಯಲ್ಲಿ ಡಂಪರ್ ರಿಪೇರಿ ಮಾಡಿ ಸವೆದು ಬಂದವರು. ಮನುಷ್ಯನಿಗಿಂತ ಎತ್ತರದ ಚಕ್ರಗಳ ಕೆಳಗೆ ಮಲಗಿ ಎದ್ದವರಿಗೆ ನಮ್ಮ ಹತ್ತು ಚಕ್ರದ ಟಿಪ್ಪರುಗಳು ಆಟದ ಸಾಮಾನಿನಂತೆ ಕಂಡಿರಬೇಕು. ಹಾಗೆ ಅವರು ಒಮ್ಮೆಯೂ ತೋರಿಸಿಕೊಳ್ಳಲಿಲ್ಲ. ಸಂಸಾರದ ಬಗ್ಗೆ ಅವರಿಂದ ಹೊರಟದ್ದು ಒಂದೇ ಮಾತು. ಅಡುಗೆಯ ಅಕ್ಕ, ಅಂದರೆ ಕೋರೆಯವರಿಗೆಲ್ಲ ಗಂಜಿ ಬೇಯಿಸಿ ಹಾಕುತ್ತಿದ್ದ ಹೆಂಗಸು, ಒಮ್ಮೆ ನೇರವಾಗಿ ಕೇಳಿಯೇಬಿಟ್ಟಳು.

"ಫಿಟ್ರೇ, ನಿಮ್ಗೆ ಸಂಸಾರ ಇಲ್ಯಾ?"

"ಇದ್ದಿತ್ತ್," ಅಂದರು. ಆಮೇಲೆ, "ಸಾರಿಗ್ ಉಪ್ಪ್ ಜಾಸ್ತಿ ಆಯಿತ್ತ್," ಅಂದರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಕ್ರಷರಿನ ರೈಟರ್. ಧಣಿಯ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದ ಗುಮಾಸ್ತ ಅವರು. ಆದರೆ ಗಾಡಿ ಕೈಗೆ ಕೊಡುವುದು ಫಿಟ್ಟರ್ರು.

"ಹ್ವಾಯ್, ಎಲ್ಲಿಯವ ನೀ?"

"ಗಂಗೊಳ್ಳಿ."

"ಗಂಗೊಳ್ಳಿಯವ ಬೋಟ್ ಬಿಟ್ಟ್ ಕಲ್ಲಿಗೆ ಎಂತಕೆ ಬಂದದ್ದ್?"

ನಮ್ಮದು ಮೀನುಗಾರರ ಮನೆ. ಅಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋಗುವವರು. ನನಗೆ ಅಳಿವೆ ದಾಟುವ ಮೊದಲೇ ವಾಂತಿ. "ಬೋಟಂಗೆ ಕೂಕಂಡ್ರೆ ತಲೆ ತಿರುಗತ್ತ್, ಹೆದ್ರಿಕೆ ಆತ್ತ್," ಅಂದೆ. ಸುತ್ತ ನಿಂತ ಡ್ರೈವರುಗಳು ನಕ್ಕರು.

ಅವರು ನಗಲಿಲ್ಲ. "ಒಳ್ಳೇದಾಯ್ತ್. ಹೆದ್ರಿಕೆ ಇಪ್ಪ ಒಬ್ಬ ಡ್ರೈವರ್ ಬೇಕಿತ್ತ್ ನಂಗೆ."

ಅಂದಿನಿಂದ ನನ್ನ ಹೆಸರು ಗಂಗೊಳ್ಳಿ.

ಬೆಳಿಗ್ಗೆ ಗಾಡಿ ಎಬ್ಬಿಸುವ ಮೊದಲು ಸುತ್ತು ಬರಬೇಕು. ಗಾಳಿ ಟ್ಯಾಂಕಿನ ಅಡಿಯ ತಿರುಪು ಬಿಟ್ಟು ಒಳಗೆ ಕೂಡಿದ ನೀರು ಹೊರಗೆ ಹಾಕಬೇಕು. ನಮ್ಮ ಬದಿಯ ಗಾಳಿಯಲ್ಲಿ ನೀರು, ಉಪ್ಪು ಎರಡೂ ಇದೆ. ಟ್ಯಾಂಕಿನಲ್ಲಿ ನೀರು ನಿಂತಷ್ಟೂ ಬ್ರೇಕಿಗೆ ಗಾಳಿ ಕಡಿಮೆ. ಜೋಡಿ ಟೈರುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲನ್ನು ಹಾರೆಯಿಂದ ಎಬ್ಬಿಸಬೇಕು. ಚಕ್ರ ತಿರುಗುವಾಗ ಅದು ಹಾರಿದರೆ ಹಿಂದಿನ ಗಾಡಿಯ ಗಾಜಿನಲ್ಲಿ ನಿಲ್ಲುವುದಿಲ್ಲ, ಡ್ರೈವರನ ಎದೆಯಲ್ಲಿ ನಿಲ್ಲುತ್ತದೆ. ಗಾಡಿಯ ಅಡಿಯ ನೆಲ ನೋಡಬೇಕು, ಎಣ್ಣೆ ತೊಟ್ಟಿಕ್ಕಿದೆಯೇ ಎಂದು. ಕೊನೆಗೆ ಚಕ್ರದ ನಟ್ಟುಗಳು. ಅದು ಮಾತ್ರ ಅವರದೇ ಕೆಲಸ. ಸುತ್ತಿಗೆಯಿಂದ ತಟ್ಟುತ್ತಾರೆ. ಬಿಗಿ ಇದ್ದ ನಟ್ಟು ಟಣ್ ಅನ್ನುತ್ತದೆ, ಸಡಿಲವಾದದ್ದು ಟಪ್. ಟಣ್ ಟಣ್ ಟಣ್ ಎಂದು ಸಾಲು ಮುಗಿಸಿಕೊಂಡು ಬರುವಾಗ ಅವರ ತಲೆ ಸ್ವಲ್ಪ ವಾರೆಯಾಗಿರುತ್ತಿತ್ತು. ಟಪ್ ಬಂದಲ್ಲಿ ನೆಟ್ಟಗಾಗುತ್ತಿತ್ತು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದವನಿಗೆ ಆ ದಿನ ಗಾಡಿ ಇಲ್ಲ. ಕಲ್ಲು ತುಂಬುವ ತೊಟ್ಟಿ ಎತ್ತಿ ಅದರ ಅಡಿಗೆ ಹೋಗುವ ಮೊದಲು ಕಬ್ಬಿಣದ ಊರುಗೋಲು ಕೊಡಬೇಕು, ಗಾಡಿಯ ಕೀ ಅಡಿಗೆ ಹೋಗುವವನ ಜೇಬಿನಲ್ಲಿರಬೇಕು. ಗಾಡಿ ಹಿಂದಕ್ಕೆ ಹಾಕುವಾಗ ಕೈ ತೋರಿಸುವವನು ಕನ್ನಡಿಯಲ್ಲಿ ಕಾಣುತ್ತಲೇ ಇರಬೇಕು. "ಕನ್ನಡಿಯಂಗೆ ಜನ ಕಾಣೆ ಆದ್ರೆ ಎಂತ ಮಾಡುದ್?" ಎಂದು ಕೇಳುತ್ತಿದ್ದರು, ಶಾಲೆಯ ಮಾಸ್ತರರ ಹಾಗೆ. "ಬ್ರೇಕ್," ಅನ್ನಬೇಕು. "ಅವ ಹ್ವಾದಂತ ಗೊತ್ತಿದ್ರೆ?" "ಆದ್ರೂ ಬ್ರೇಕ್."

ಗ್ಯಾರೇಜ್ ಎಂದರೆ ನಾಲ್ಕು ಕಂಬ, ಮೇಲೆ ತಗಡು, ಪಕ್ಕದಲ್ಲಿ ಅವರು ಮಲಗುವ ಕೋಣೆ. ಒಂದು ಕಂಬಕ್ಕೆ ಯಾವುದೋ ಶಾಲೆಯವರು ಬಿಸಾಡಿದ ಕರಿಹಲಗೆ ತೂಗುಹಾಕಿದ್ದರು. ಅದರಲ್ಲಿ ಬಿಳಿ ಬಣ್ಣದಲ್ಲಿ ಎಳೆದ ಮೂರು ಅಂಕಣ. ಗಾಡಿ. ಏನಾಗಿದೆ. ಹೇಳಿದ್ದು ಯಾರು.

ಈ ಮೂರನೆಯದನ್ನು ನಾನು ಬೇರೆಲ್ಲೂ ನೋಡಿಲ್ಲ. ಏನಾದರೂ ಕೆಟ್ಟರೆ ಡ್ರೈವರ್ ಬಂದು ಹೇಳಬೇಕು, ಅವನ ಹೆಸರು ಅಲ್ಲಿ ಬೀಳುತ್ತದೆ. ಗೇರಿನ ಹಲ್ಲು ಮುರಿದುಕೊಂಡು ಬಂದವನ ಹೆಸರೂ ಅಲ್ಲಿ ಬಿದ್ದಿದೆ, ಬೈಗುಳವಿಲ್ಲದೆ. ರಿಪೇರಿ ಮುಗಿದ ಮೇಲೆ ಆ ಸಾಲಿನ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಹೇಳದೆ ಮುಚ್ಚಿಟ್ಟವನ ಜೊತೆ ಮಾತ್ರ ಮಾತು ಬಿಡುತ್ತಿದ್ದರು. ಒಬ್ಬ ಡ್ರೈವರನ ಜೊತೆ ಹೀಗೆ ಮಾತು ಬಿಟ್ಟು, ಅವನು ಕೆಲಸ ಬಿಟ್ಟು ಹೋಗುವವರೆಗೂ ಬಾಯಿ ತೆರೆಯಲಿಲ್ಲ.

"ಗಾಡಿ ಹಾಳಾತ್ತ್ ಮಾರಾಯ. ಅದ್ ಅದ್ರ ಕೆಲ್ಸ," ಅನ್ನುತ್ತಿದ್ದರು. "ಹೇಳುದ್ ನಿನ್ ಕೆಲ್ಸ."

ಓಡಿಸಬಾರದ ಗಾಡಿಯ ಸ್ಟೇರಿಂಗಿಗೆ ಅವರು ಕೆಂಪು ಬಟ್ಟೆ ಕಟ್ಟುತ್ತಿದ್ದರು, ಅಡುಗೆಯ ಅಕ್ಕನ ಹರಿದ ಸೀರೆಯದು. ಕಟ್ಟಿದವರೇ ಬಿಚ್ಚಬೇಕು. ಒಮ್ಮೆ ನನ್ನ ಗಾಡಿಗೆ ಕಟ್ಟಿದರು, ಬ್ರೇಕಿನ ಗಾಳಿ ಪೈಪು ಸೋರುತ್ತಿತ್ತು. ಅಂದು ಕಲ್ಲಿಗೆ ಅವಸರ. ರೈಟರ್ ಓಡಿ ಬಂದರು.

"ಒಂದ್ ಟ್ರಿಪ್ ಫಿಟ್ರೇ, ಒಂದೇ ಒಂದ್. ಬಿಚ್ಚಿ ಕಾಂಬ."

"ಬಿಚ್ಚುವ," ಅಂದರು ಫಿಟ್ಟರ್ರು, ಬಹಳ ಮರ್ಯಾದೆಯಿಂದ. "ನೀವೂ ಹತ್ತಿ, ಗಂಗೊಳ್ಳಿ ಪಕ್ಕ ಕೂಕಣಿ. ಮೇಲಿಂದ ತುಂಬ್ಸ್ಕಂಡ್ ಒಟ್ಟಿಗೇ ಇಳ್ದ್ ಬನ್ನಿ."

ರೈಟರ್ ಬಾಗಿಲ ಮೆಟ್ಟಿಲಿಗೆ ಒಂದು ಕಾಲು ಇಟ್ಟರು. ಮೇಲಿನ ದಾರಿ ನೋಡಿದರು. ಕಾಲು ತೆಗೆದರು. "ನಾಳೆಗೆ ಆತ್ತಾ ಸರಿ?" ಅಂದರು.

"ಸಂಜೆಗೇ ಆತ್ತ್. ಚಾ ಕಳ್ಸಿ."

ಮಳೆ ಹಿಡಿದರೆ ಕೋರೆಯ ಹೊಂಡದಲ್ಲಿ ನೀರು ತುಂಬಿ ಕೆಲಸ ನಿಲ್ಲುತ್ತಿತ್ತು. ನಾವೆಲ್ಲ ಮನೆಗೆ. ಅವರೊಬ್ಬರೇ ಅಲ್ಲಿ, ಸಾಲಾಗಿ ನಿಲ್ಲಿಸಿದ ಟಿಪ್ಪರುಗಳ ಜೊತೆ. ಒಂದು ಮಳೆಗಾಲದ ಮಧ್ಯಾಹ್ನ ನಾನು ಒಣಮೀನಿನ ಕಟ್ಟು ಹಿಡಿದು ಹೋದೆ. ಕೋಣೆಯಲ್ಲಿ ಅವರಿರಲಿಲ್ಲ. ನನ್ನ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗಿನ ಮೇಲೆ ಬಟ್ಟಲಿಟ್ಟುಕೊಂಡು ಗಂಜಿ ಉಣ್ಣುತ್ತಿದ್ದರು.

"ಇದೆಂತ ಫಿಟ್ರೇ, ಇಲ್ಲಿ?"

"ನಿನ್ನೆ ಪಕ್ಕದ್ರಂಗೆ ಉಂಡೆ. ಇವತ್ತ್ ನಿನ್ ಗಾಡಿ ಪಾಳಿ," ಅಂದರು.

ನಕ್ಕೆ. ಅವರೂ ನಕ್ಕರು ಎಂದು ಬರೆಯಬಹುದು, ಆದರೆ ನೆನಪಿಲ್ಲ. ಪಕ್ಕದ ಸೀಟಿನಲ್ಲಿ ಹತ್ತಿ ಕೂತೆ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಎದುರು ಏನೂ ಕಾಣುತ್ತಿರಲಿಲ್ಲ. ಅಂದೇ ಅವರು ಆ ಗಣಿಯ ಕಥೆ ಹೇಳಿದ್ದು. ಅವರ ಪಾಳಿಯ ಒಬ್ಬ ಕೆಲಸಗಾರ, ಎತ್ತಿದ ತೊಟ್ಟಿಯ ಅಡಿಗೆ ಗ್ರೀಸು ಹಾಕಲು ಹೋಗಿದ್ದ. ಊರುಗೋಲು ಕೊಟ್ಟಿರಲಿಲ್ಲ. ತೊಟ್ಟಿ ಎತ್ತುವ ಜಾಕಿನ ಪೈಪು ಸೋರುತ್ತಿತ್ತು. ತೊಟ್ಟಿ ನಿಧಾನಕ್ಕೆ ಇಳಿಯಿತಂತೆ, ಬೀಳಲಿಲ್ಲ, ಇಳಿಯಿತು.

"ಪೈಪ್ ಸೋರುದ್ ಒಬ್ಬನಿಗ್ ಗೊತ್ತಿದ್ದಿತ್ತ್," ಅಂದರು. "ಅವ ಹೇಳ್ಲಿಲ್ಲ."

ಆ ಒಬ್ಬ ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗಲೂ ಅನಿಸುವುದಿಲ್ಲ.

ವರ್ಷಗಳು ಹೋದವು. ಅವು ಹೇಗೆ ಹೋದವು ಎಂದು ವರ್ಣಿಸುವುದು ನನಗೆ ಬಾರದ ವಿದ್ಯೆ. ಒಂದೇ ದಾರಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದವನಿಗೆ ವರ್ಷ ಎಂಬುದು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅವರ ಮಾತಿನ ದನಿ ದೊಡ್ಡದಾಯಿತು, ವಯಸ್ಸಿಗೆ ಹಾಗೆ ಅಂದುಕೊಂಡೆವು. ರೇಡಿಯೋ ಜೋರಾಯಿತು. "ಫಿಟ್ರ್ ರೇಡಿಯೋ ಹಾಕ್ರೆ ಕೊಲ್ಲೂರಿಗ್ ಕೇಂತ್ತ್," ಎಂದು ಅಡುಗೆಯ ಅಕ್ಕ ನಗುತ್ತಿದ್ದಳು. ರೈಲು ಯಾವ ಕಡೆಗೆ ಹೋಯಿತು ಎಂದು ಹೇಳುವುದು ನಿಂತಿತ್ತು. ನಾವು ಕೇಳುವುದೂ ನಿಂತಿತ್ತು, ಹಾಗಾಗಿ ಗೊತ್ತಾಗಲಿಲ್ಲ.

ಮತ್ತೆ ಉಗುರು. ಕೊನೆಯ ವರ್ಷ ಅದು ಕಪ್ಪಾಯಿತು. ಸುತ್ತಿಗೆ ತಪ್ಪಿ ಬೆರಳಿಗೆ ಬಿದ್ದಿದೆ ಅಂದುಕೊಂಡೆ, ಫಿಟ್ಟರ್ ಕೆಲಸದಲ್ಲಿ ಅದೇನು ದೊಡ್ಡದು. ನಲವತ್ತು ವರ್ಷ ಬೆರಳಿಗೆ ಬೀಳದ ಸುತ್ತಿಗೆ ಈಗ ಯಾಕೆ ಬೀಳುತ್ತಿದೆ ಎಂದು ಯೋಚಿಸಲಿಲ್ಲ. ಕಾರಣ ಇಷ್ಟೇ, ಬೆರಳು ಈಗ ನಟ್ಟಿನ ಮೇಲಿತ್ತು. ಕೇಳಿಸದ ಟಣ್ ಮತ್ತು ಟಪ್‌ಗಳನ್ನು ಅವರು ಬೆರಳ ತುದಿಯಿಂದ ತಿಳಿದುಕೊಳ್ಳುತ್ತಿದ್ದರು. ಸಡಿಲವಾದ ನಟ್ಟು ಏಟು ಬಿದ್ದಾಗ ಒಂದು ಕೂದಲೆಳೆಯಷ್ಟು ಅಲುಗುತ್ತದೆ. ಆ ವರ್ಷವೂ ಅವರ ಕೈಯಿಂದ ಒಂದು ಸಡಿಲ ನಟ್ಟೂ ತಪ್ಪಿಸಿಕೊಂಡು ಹೋಗಲಿಲ್ಲ. ಇದನ್ನು ಖಂಡಿತವಾಗಿ ಹೇಳಬಲ್ಲೆ, ಆ ಚಕ್ರಗಳ ಮೇಲೆ ಇಳಿದವನು ನಾನು.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿತ್ತು. ಎಷ್ಟು ಜಲ್ಲಿ ಕೊಟ್ಟರೂ ಸಾಲದು. ಒಂದು ಮಧ್ಯಾಹ್ನ ಗ್ರೀಸು ಹಾಕಿಸಲು ನನ್ನ ಗಾಡಿಯನ್ನು ಗ್ಯಾರೇಜಿನತ್ತ ಹಿಂದಕ್ಕೆ ತರುತ್ತಿದ್ದೆ. ಫಿಟ್ಟರ್ರು ಬಲಗನ್ನಡಿಯಲ್ಲಿದ್ದರು, ನೆಲದಲ್ಲಿ ಏನೋ ಹುಡುಕುತ್ತಿದ್ದರು. ರಿವರ್ಸ್ ಹಾರ್ನ್ ಕೂಗುತ್ತಿತ್ತು. ಕೇಳಿಸಿಕೊಂಡು ಬದಿಗೆ ಸರಿಯುತ್ತಾರೆ ಎಂದು ಬರುತ್ತಲೇ ಇದ್ದೆ. ಕನ್ನಡಿಯಲ್ಲಿ ಅವರು ಇಲ್ಲವಾದರು.

ತಕ್ಷಣ ಬ್ರೇಕ್ ಒತ್ತಿದೆ ಎಂದು ಬರೆಯಲು ಕೈ ಹೋಗುತ್ತದೆ. ತಕ್ಷಣವೋ, ಒಂದು ಉಸಿರು ಬಿಟ್ಟೋ, ಗೊತ್ತಿಲ್ಲ. ಸ್ಟಾಪ್ ಗುಂಡಿ ಎಳೆದು ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೆಳಗೆ ಹಾರಿದೆ. ಅವರು ಗಾಡಿಯ ಹಿಂದೆ, ನನಗೆ ಬೆನ್ನು ಹಾಕಿ, ಬಗ್ಗಿ, ನೆಲಕ್ಕೆ ಬಿದ್ದಿದ್ದ ಬೋಲ್ಟ್ ಒಂದನ್ನು ಹೆಕ್ಕುತ್ತಿದ್ದರು. ಅವರ ಬೆನ್ನಿಗೂ ಚಕ್ರಕ್ಕೂ ನಡುವೆ ನನ್ನ ಒಂದು ತೋಳು ಹಿಡಿಸುತ್ತಿತ್ತು. ಗೇರು ರಿವರ್ಸಿನಲ್ಲೇ ಇತ್ತು, ಕೀ ತಿರುಗಿಸಲು ಮರೆತಿದ್ದೆ. ಹಾರ್ನ್ ಅವರ ತಲೆಯ ಹತ್ತಿರವೇ ಕೂಗುತ್ತಲೇ ಇತ್ತು. ಅವರು ನಿಧಾನವಾಗಿ ಬೋಲ್ಟಿನ ಧೂಳು ಒರೆಸಿಕೊಂಡರು.

ಅವರು ತಿರುಗುವ ಮೊದಲು ಓಡಿಹೋಗಿ ಕೀ ತಿರುಗಿಸಿದೆ. ಹಾರ್ನ್ ನಿಂತಿತು. ಇದೊಂದನ್ನು ನಾನು ಯಾಕೆ ಮಾಡಿದೆ?

ಅವರು ಚಕ್ರ ನೋಡಿದರು, ನನ್ನ ಮುಖ ನೋಡಿದರು.

"ಹಾರ್ನ್ ಹಾಳಾಯಿತ್ತಾ?" ಎಂದು ಕೂಗಿದರು. "ಹೇಳುಕ್ ಆತಿಲ್ಯಾ ನಿಂಗೆ? ಬಿಚ್ಚ್ ಅದನ್!"

ಅವರೇ ಬಿಚ್ಚಿದರು. ತಂತಿ ನೋಡಿದರು, ಗೇರುಪೆಟ್ಟಿಗೆಯ ಸ್ವಿಚ್ಚು ಬಿಚ್ಚಿ ಒರೆಸಿದರು, ಹಾರ್ನಿನ ಬಾಯಿಯ ಕಲ್ಲುಧೂಳನ್ನು ಕೋಳಿಗರಿಯಿಂದ ತೆಗೆದರು. ಒಂದು ಗಂಟೆಗೂ ಮೇಲೆ. ನಾನು ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುತ್ತಿದ್ದೆ. ಎಲ್ಲ ಜೋಡಿಸಿ, "ರಿವರ್ಸ್ ಹಾಕ್ ಕಾಂಬ," ಅಂದರು. ಹಾಕಿದೆ. ಹಾರ್ನ್ ಕೂಗಿತು. ಅವರು ಅಂಗೈಯನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು, ಜ್ವರ ನೋಡುವವರ ಹಾಗೆ.

ಆಮೇಲೆ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದರು. ನನ್ನ ಗಾಡಿಯ ನಂಬರು ಬರೆದರು. ರಿವರ್ಸ್ ಹಾರ್ನ್ ಎಂದು ಬರೆದರು. ಮೂರನೆಯ ಅಂಕಣದ ಹತ್ತಿರ ಕೈ ನಿಲ್ಲಿಸಿ ನನ್ನತ್ತ ತಿರುಗಿದರು.

"ಗಂಗೊಳ್ಳಿ, ಮುಂಚೆ ಅದ್ ಕೂಗ್ತಿತ್ತಾ, ಇಲ್ಯಾ?"

ನಾನು ತಲೆ ಅಲ್ಲಾಡಿಸಿದೆ. ಬಾಯಲ್ಲೂ ಹೇಳಿದೆ, ಜೋರಾಗಿ. "ಇಲ್ಲೆ ಫಿಟ್ರೇ. ಕೂಗ್ತಿರ್ಲಿಲ್ಲ."

ಅವರು ಬರೆದರು. ಹೇಳಿದ್ದು: ಗಂಗೊಳ್ಳಿ.

ಆ ಸಾಲಿನ ಮೇಲೆ ಅವರು ಗೀಟು ಎಳೆಯಲಿಲ್ಲ. ರಿಪೇರಿ ಮುಗಿದ ಮೇಲೂ ಅದು ಹಾಗೇ ಉಳಿಯಿತು. ಮರೆತಿದ್ದಾರೆ ಅಂದುಕೊಂಡೆ.

ಕರುಣೆಯಿಂದ ಸುಳ್ಳು ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಕೋರೆಯಲ್ಲಿ ಕಿವಿ ಕೇಳದ ಮುದುಕನಿಗೆ ಜಾಗವಿಲ್ಲ, ರೈಟರಿಗೆ ಗೊತ್ತಾದರೆ ಸಂಜೆಯೊಳಗೆ ಕೋಣೆ ಖಾಲಿ, ಎಲ್ಲಿಗೆ ಹೋಗುತ್ತಾರೆ? ಇದೆಲ್ಲ ನಿಜ. ಆದರೆ ಅವರ ಗುಟ್ಟು ನನ್ನೊಬ್ಬನಿಗೇ ಗೊತ್ತು ಎಂಬುದರಲ್ಲಿ ಒಂದು ಸಣ್ಣ ಹಿತ ಇತ್ತು, ಅದೂ ನಿಜ. ಮುಂದಿನ ಮೂರು ವಾರ ಅವರನ್ನು ಕಾಯುವವನು ನಾನೇ ಎಂಬಂತೆ ಓಡಾಡಿದೆ. ಹಿಂದಕ್ಕೆ ಹಾಕುವಾಗ ಎರಡೂ ಕನ್ನಡಿ ನೋಡಿ, ಇಳಿದು ಹೋಗಿ ನೋಡಿ, ಮತ್ತೆ ಹತ್ತಿ. ನನ್ನ ಗಾಡಿ ಒಂದಕ್ಕೆ. ಕೋರೆಯಲ್ಲಿ ಆಗ ಎಂಟು ಗಾಡಿ.

ಒಮ್ಮೆ ರೈಟರಿಗೆ ಹೇಳಿಯೇಬಿಡುವುದು ಎಂದು ಆಫೀಸಿಗೆ ಹೋದೆ.

"ಎಂತ ಗಂಗೊಳ್ಳಿ?"

"ಎಂತದಿಲ್ಲ. ಎರಡ್ ದಿನ ರಜೆ ಬೇಕಿತ್ತ್."

"ಹೆಂಡ್ತಿ ಕಾಣ್ಕ್ ಅಂತ ಆಯ್ತಾ? ಭಾನ್ವಾರ ಹೋಗ್."

ಹೊರಗೆ ಬಂದೆ. ರಜೆ ನನಗೆ ಬೇಕಿರಲಿಲ್ಲ.

ಹೆದ್ದಾರಿಯ ಅವಸರಕ್ಕೆ ಹೊರಗಿನಿಂದ ಬಾಡಿಗೆ ಟಿಪ್ಪರುಗಳು ಬಂದವು. ಅವುಗಳ ಡ್ರೈವರುಗಳಿಗೆ ನಮ್ಮ ಕನ್ನಡಿಯ ಪಾಠ ಆಗಿರಲಿಲ್ಲ. ಅವರಲ್ಲಿ ಘಟ್ಟದ ಮೇಲಿನವನೊಬ್ಬ, ಕೆಲಸದಲ್ಲಿ ಚುರುಕು, ಕ್ರಷರಿನ ಬಾಯಿಗೆ ಹಿಂದಕ್ಕೆ ಬರುತ್ತಿದ್ದ. ಹಾರ್ನ್ ಹೊಡೆಯುತ್ತಲೇ ಬರುತ್ತಿದ್ದ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಗಾಡಿಯ ನಟ್ಟಿಗೆ ಬೆರಳಿಟ್ಟು ತಟ್ಟುತ್ತಾ ಫಿಟ್ಟರ್ರು ಹಿಮ್ಮುಖವಾಗಿ ಅವನ ದಾರಿಗೆ ಸರಿಯುತ್ತಿದ್ದರು. ನಾನು ನನ್ನ ಗಾಡಿಯ ಟೈರಿನ ಕಲ್ಲು ಎಬ್ಬಿಸುತ್ತಿದ್ದೆ. ಹಾರೆ ಬಿಸಾಡಿ ಓಡಿದೆ. ಕೂಗಲಿಲ್ಲ, ಕೂಗಿ ಏನು ಪ್ರಯೋಜನ. ಅಂಗಿಯ ಕಾಲರಿಗೆ ಕೈ ಹಾಕಿ ಎಳೆದೆ. ಇಬ್ಬರೂ ಜಲ್ಲಿಪುಡಿಯ ರಾಶಿಯ ಮೇಲೆ ಬಿದ್ದೆವು.

ಅವರು ಸುತ್ತಿಗೆ ಎತ್ತಿದರು, ನನ್ನ ಮೇಲೆ. ಯಾರೋ ಹೊಡೆಯಲು ಬಂದರು ಎಂದುಕೊಂಡಿರಬೇಕು. ಅಷ್ಟರಲ್ಲಿ ಅವರು ನಿಂತಿದ್ದ ಜಾಗದ ಮೇಲೆ ಚಕ್ರ ಹೋಯಿತು. ಸುತ್ತಿಗೆ ಕೆಳಗಿಳಿಯಿತು.

ಡ್ರೈವರ್ ಗಾಡಿ ನಿಲ್ಲಿಸಿ ಹಾರಿ ಬಂದ. ಫಿಟ್ಟರ್ರು ಎದ್ದು ಕೂತು ಅವನನ್ನು ಕೇಳಿದರು. ನನ್ನನ್ನಲ್ಲ. ನಾನು ಪಕ್ಕದಲ್ಲೇ ಇದ್ದೆ.

"ಹಾರ್ನ್ ಕೂಗ್ತಿತ್ತಾ?"

"ಹೊಡೀತಾನೇ ಇದ್ನಲ್ಲಜ್ಜಾ! ಮೇಲಿಂದ ಹೊಡ್ಕೊಂಡೇ ಬರ್ತಿದೀನಿ!"

ಅವರು ಅವನ ತುಟಿಗಳನ್ನೇ ನೋಡಿದರು. ಆಮೇಲೆ ಒಮ್ಮೆ ನನ್ನ ಕಡೆ ನೋಡಿದರು. ಎದ್ದು, ಉಟ್ಟ ಮುಂಡಿನ ಧೂಳು ಕೊಡವಿಕೊಂಡು, ಆ ಡ್ರೈವರನ ಗಾಡಿಯ ಚಕ್ರದ ಬಳಿ ಕೂತು, ಅವನ ನಟ್ಟುಗಳನ್ನೂ ಒಂದೊಂದಾಗಿ ನೋಡಿ ಮುಗಿಸಿದರು. ಎರಡು ಬಿಗಿ ಮಾಡಿದರು.

ಮರುದಿನ ನಾನು ಹೋದಾಗ ಕೋಣೆ ಖಾಲಿ. ಹಲಗೆ ಒದ್ದೆ ಬಟ್ಟೆಯಿಂದ ಒರೆಸಿ ಚೊಕ್ಕವಾಗಿತ್ತು. ಒಂದೇ ಸಾಲು.

ಗಾಡಿ: ಫಿಟ್ಟರ್. ಏನಾಗಿದೆ: ಕಿವಿ, ಎರಡೂ. ಹೇಳಿದ್ದು: ಫಿಟ್ಟರ್.

ಕಂಬದ ಮೊಳೆಯಲ್ಲಿ ಸುತ್ತಿಗೆ ತೂಗುತ್ತಿತ್ತು. ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿತ್ತು.

ಅಡುಗೆಯ ಅಕ್ಕನನ್ನು ಮೊನ್ನೆ ಮೊನ್ನೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಕಂಡಾಗ ಕೇಳಿದೆ. ಹಲಗೆ ಅವಳಿಗೆ ನೆನಪಿದೆ. ಬಟ್ಟೆ ಇಲ್ಲ. "ಎಂತ ಬಟ್ಟೆ ಮಾರಾಯ? ಸುತ್ಗೆ ಅವ್ರೇ ತಕಂಡ್ ಹೋಯಿರ್. ಬೆಳಿಗ್ಗೆ ನನ್ ಕೈಯಂಗೆ ಚಾ ಕುಡ್ದ್, ಧಣಿ ಹತ್ರ ನಿನ್ನೆಯೇ ಹೇಳಿದ್ದೆ ಅಂದ್ರ್. ಚೀಲದಂಗೆ ಸುತ್ಗೆ ಹಿಡಿ ಕಾಂತಿತ್ತ್." ಅವಳು ಹೇಳುವುದೇ ಸರಿ ಇರಬೇಕು. ಕೆಂಪು ಬಟ್ಟೆ ನನ್ನ ನೆನಪು ಕಟ್ಟಿದ್ದು. ಆದರೂ ಅದು ನನಗೆ ಕಾಣುತ್ತದೆ, ಗಾಳಿಗೆ ಸ್ವಲ್ಪ ಆಡುವುದೂ ಕಾಣುತ್ತದೆ.

ಅವರು ಹೋದದ್ದು, ನಮಗೆ ಯಾರಿಗೂ ಹೇಳಿರದ ತಂಗಿಯೊಬ್ಬರ ಮನೆಗೆ. ತಂಗಿಯ ಮನೆ ಇದ್ದದ್ದು ಗಂಗೊಳ್ಳಿಯಲ್ಲಿ, ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ನಾನು ಹೋಗಲು ಒಂದೂವರೆ ವರ್ಷ ತೆಗೆದುಕೊಂಡೆ. ಅಷ್ಟರಲ್ಲಿ ಕೋರೆ ಬಿಟ್ಟು ಮೀನಿನ ಲಾರಿ ಹಿಡಿದಿದ್ದೆ. ದಿನಾ ಅದೇ ಓಣಿಯ ಬಾಯಿಯಿಂದ ಐಸ್ ತುಂಬಿಸಿಕೊಂಡು ಹೋಗುತ್ತಿದ್ದೆ.

ಆ ಮನೆ ಐಸ್ ಪ್ಲಾಂಟಿನ ಬೆನ್ನಿಗಿತ್ತು. ಅವರು ಅಂಗಳದಲ್ಲಿ, ಪ್ಲಾಂಟಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

"ಒಳ್ಗಿನ ಕಂಪ್ರೆಸರಂದ್ ಒಂದ್ ಬೇರಿಂಗ್ ಹೋಪ್ಕಾಯಿತ್ತ್," ಅಂದರು, ಬೆನ್ನಿನ ಗೋಡೆ ತೋರಿಸಿ. "ಹೋಯಿ ಹೇಳ್ದೆ. ಕಿವಿ ಕೇಂತಿಲ್ಲದವ ಬೇರಿಂಗ್ ಬಗ್ಗೆ ಹೇಳ್ತಾ ಅಂತ ನೆಗಾಡಿದ್ರ್."

ತಂಗಿ ಚಾ ತಂದಿಟ್ಟು ಒಳಗೆ ಹೋದರು. ಅವರ ಎಡಗೈ ನೋಡಿದೆ. ಕಪ್ಪು ಉಗುರು ಬಿದ್ದು ಹೋಗಿ ಹೊಸದು ಬಂದಿತ್ತು. ತಿಳಿಗೆಂಪಾಗಿ, ಮಗುವಿನ ಉಗುರಿನ ಹಾಗೆ ನುಣುಪಾಗಿ. ಸುತ್ತಿಗೆಯ ಏಟು ಬೀಳದ ಬೆರಳು.

ಎದುರಿಗೆ ಕೂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದೆ. "ಅವತ್ತ್ ಹಾರ್ನ್ ಸರಿ ಇದ್ದಿತ್ತ್ ಫಿಟ್ರೇ. ನಾ ಸುಳ್ ಹೇಳ್ದೆ."

ಅವರು ಚಾ ಊದಿಕೊಂಡರು.

"ಬಿಚ್ಚಿದ್ ನಾನೇ ಅಲ್ದಾ ಮಾರಾಯ," ಅಂದರು.

ಇಷ್ಟು ಸರಳವಾದದ್ದು ನನಗೆ ಒಂದೂವರೆ ವರ್ಷ ಹೊಳೆದಿರಲಿಲ್ಲ. ಯಂತ್ರ ಬಿಚ್ಚಿ ನೋಡಿದ ಮನುಷ್ಯನಿಗೆ ಅದು ಕೆಟ್ಟಿತ್ತೋ ಇಲ್ಲವೋ ಗೊತ್ತಾಗುವುದಿಲ್ಲವೇ.

"ಹಾಂಗಾರೆ ಬೋರ್ಡಿಗೆ ಬರ್ದದ್ದೆಂತಕೆ? ನನ್ ಹೆಸ್ರ್ ಹಾಕಿ?"

"ಗೀಟ್ ಎಳೀಲಿಲ್ಲ ಅಲ್ದಾ? ನೀ ಬಂದ್ ಹೇಳ್ತೆ ಅಂತ ಕಾದೆ. ಮೂರ್ ವಾರ." ಲೋಟ ಕೆಳಗಿಟ್ಟರು. "ಅಷ್ಟ್ ದಿನ ಕಾಯ್ಕಾಗಿತ್ತಾ ನಾನ್? ತಪ್ಪ್ ನಂದೇ. ಆದ್ರೂ ಕಾದೆ. ಗಾಡಿಯಾದ್ರೆ ನೀ ಅವತ್ತೇ ಹೇಳ್ತಿದ್ದೆ, ಗಂಗೊಳ್ಳಿ."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಅವರು ನನ್ನ ಲಾರಿಯ ಟೈರಿನ ಬಗ್ಗೆ ಕೇಳಿದರು, ಉಪ್ಪುನೀರು ಸೋರುವ ಮೀನಿನ ಗಾಡಿಯ ಚಾಸಿ ತಿಂಗಳಿಗೊಮ್ಮೆ ತೊಳೆಯಬೇಕು ಅಂದರು. ನಾನು ಎದ್ದಾಗ ಅವರು ಏಳಲಿಲ್ಲ. ಬೆನ್ನು ಗೋಡೆಗೇ ಇತ್ತು. ಓಣಿಯ ತಿರುವಿನಲ್ಲಿ ಹಿಂದೆ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದರು, ತಲೆ ಸ್ವಲ್ಪ ವಾರೆಯಾಗಿತ್ತು.

ಆ ವರ್ಷ ಬೋಟುಗಳು ದಡ ಹತ್ತಿದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಬ್ರಹ್ಮಾವರದಲ್ಲಿದ್ದೆ, ಲಾರಿ ಕೆಟ್ಟು ನಿಂತಿತ್ತು. ಎರಡು ದಿನದ ಮೇಲೆ ಬಂದಾಗ ಎಲ್ಲ ಮುಗಿದಿತ್ತು. ತಂಗಿ ಒಂದು ಚೀಲ ಕೊಟ್ಟರು, "ನಿಮ್ಗೆ ಕೊಡುಕ್ ಹೇಳಿದ್ರ್," ಎಂದು. ಒಳಗೆ ಸುತ್ತಿಗೆ ಇತ್ತು. ಬರೀ ಸುತ್ತಿಗೆ.

ಈಗ ಬೆಳಿಗ್ಗೆ ಲಾರಿ ಎಬ್ಬಿಸುವ ಮೊದಲು ನಾನೊಬ್ಬನೇ ಸುತ್ತು ಬರುತ್ತೇನೆ. ಕಿವಿ ಚೆನ್ನಾಗಿಯೇ ಇದೆ, ಟಣ್ ಮತ್ತು ಟಪ್ ಗೊತ್ತಾಗುತ್ತದೆ. ಆದರೂ ಎಡಗೈ ಬೆರಳನ್ನು ನಟ್ಟಿನ ಮೇಲಿಡುತ್ತೇನೆ. ಆ ಹೊತ್ತಿಗೆ ಬಂದರಿನಲ್ಲಿ ಜನ ತುಂಬ. ಆದರೂ ಮೂರನೆಯ ಅಂಕಣದಲ್ಲಿ ಹೆಸರು ಬರೆಯುವವರು ಯಾರೂ ಇಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಕೆಂಪು ಬಟ್ಟೆಯಂಥ ಸುಳ್ಳುಗಳು ಇನ್ನೂ ಇರಬಹುದು, ತಟ್ಟಿ ನೋಡಿದರೆ ಟಪ್ ಅನ್ನುವ ಜಾಗಗಳು. ಒಂದು ಸಾಲು ಮಾತ್ರ ಬಿಗಿ ಇದೆ.

ಗಾಡಿ: ನನ್ನದು. ಏನಾಗಿದೆ: ಹಾರ್ನ್ ಸರಿ ಇತ್ತು. ಹೇಳಿದ್ದು: ಗಂಗೊಳ್ಳಿ.